ದಣಪೆಯ ಮುಂದೆ ಬಸ್ಸು ನಿಲ್ಲಿಸಬೇಡಿ: ಸಂತೆಗುಳಿ ಸೀಮೆಯವರಲ್ಲಿ ಒಂದು ಮನವಿ



ಹೋದ ತಿಂಗಳು ಕುಮಟಾದಿಂದ ಮನೆಗೆ ಬರುವಾಗ ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟು ಸಿಕ್ಕಿತ್ತು. ಚಂದಾವರ ದಾಟಿ ನಮ್ಮ ಸಂತೆಗುಳಿ ರಸ್ತೆಗೆ ಹೊರಳಿದ ಮೇಲೆ ಬಸ್ಸು ಎಷ್ಟು ಸಲ ನಿಲ್ಲುತ್ತದೆ ಎಂದು ಎಣಿಸುತ್ತ ಕೂತೆ. ನಾನು ಇಳಿಯುವಷ್ಟರಲ್ಲಿ ಹದಿನಾಲ್ಕು ಸಲ ನಿಂತಿತ್ತು. ಅದರಲ್ಲಿ ಆರು ಕಡೆ ಸ್ಟಾಪೇ ಇಲ್ಲ. ಒಬ್ಬರು ಅವರ ಮನೆಯ ದಣಪೆಯ ಮುಂದೆ ಇಳಿದರು. ಬಸ್ಸು ಹೊರಟು ಮೂರನೇ ಗೇರಿಗೆ ಬರುವಷ್ಟರಲ್ಲಿ ಇನ್ನೊಬ್ಬರು ಅವರ ತೋಟದ ದಾರಿಗೆ ಸರಿಯಾಗಿ 'ಹೋಯ್, ಹಿಡೀರಿ' ಅಂದರು. ಎರಡೂ ಜಾಗದ ನಡುವೆ ಎಂಬತ್ತು ಹೆಜ್ಜೆ ಇದ್ದೀತು. ಡ್ರೈವರ್ ಒಂದು ಮಾತೂ ಆಡದೆ ಬ್ರೇಕು ಒತ್ತಿದರು, ಮತ್ತೆ ಮೊದಲನೇ ಗೇರು ಹಾಕಿದರು. ಎಂಜಿನ್ನು ಒದರಿತು, ಹಿಂದೆ ಹೊಗೆ ಎದ್ದಿತು, ಬಸ್ಸು ಮೆಲ್ಲಗೆ ಮೈ ಅಲುಗಿಸಿ ಮುಂದೆ ಹೋಯಿತು.

ಆ ಹೊಗೆಯ ಬೆಲೆ ಎಷ್ಟು ಎಂದು ಮನೆಗೆ ಬಂದು ಲೆಕ್ಕ ಹಾಕಿದೆ. ಅದನ್ನು ನಿಮ್ಮ ಮುಂದೆ ಇಡಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ಜನ ತುಂಬಿದ ಒಂದು ದೊಡ್ಡ ಬಸ್ಸು ಸುಮಾರು ಹದಿನೈದು ಟನ್ ತೂಗುತ್ತದೆ. ಕ್ವಿಂಟಲಿನಲ್ಲಿ ಹೇಳುವುದಾದರೆ ನೂರೈವತ್ತು ಕ್ವಿಂಟಲ್ ಅಡಿಕೆ. ಅಡಿಕೆ ಚೀಲ ತುಂಬಿದ ಕೈಗಾಡಿಯನ್ನು ನೂಕಿದವರಿಗೆ ಗೊತ್ತು, ಗಾಡಿ ಒಮ್ಮೆ ಓಡತೊಡಗಿದರೆ ಅಷ್ಟು ಕಷ್ಟವಿಲ್ಲ. ಜೀವ ಹೋಗುವುದು ನಿಂತ ಗಾಡಿಯನ್ನು ಎಬ್ಬಿಸುವಾಗ. ಬಸ್ಸಿನದೂ ಅದೇ ಪಾಡು. ನಿಂತಲ್ಲಿಂದ ಗಂಟೆಗೆ 40 ಕಿಲೋಮೀಟರ್ ವೇಗಕ್ಕೆ ಅದನ್ನು ತರಲು ಸುಮಾರು 70 ಮಿಲಿಲೀಟರ್ ಡೀಸೆಲ್ ಬೇಕು. ವೇಗ 50 ಎಂದಾದರೆ ನೂರು ಮಿಲಿಲೀಟರಿಗೂ ಸ್ವಲ್ಪ ಮೇಲೆ, ಏಕೆಂದರೆ ವೇಗ ಒಂದು ಪಾಲು ಹೆಚ್ಚಿದರೆ ಬೇಕಾಗುವ ಶಕ್ತಿ ಅದರ ವರ್ಗದಷ್ಟು ಹೆಚ್ಚುತ್ತದೆ. ಹೋಟೆಲಿನ ಒಂದು ಸಣ್ಣ ಲೋಟ ಚಹಾದಷ್ಟು ಡೀಸೆಲ್ ಅದು. ಬ್ರೇಕು ಒತ್ತಿದ ಕೂಡಲೇ ಆ ಲೋಟ ಚೆಲ್ಲಿದಂತೆ. ಅಷ್ಟೂ ಶಕ್ತಿ ಬ್ರೇಕಿನ ಡ್ರಮ್ಮಿನಲ್ಲಿ ಬಿಸಿಯಾಗಿ ಗಾಳಿಗೆ ಹೋಗುತ್ತದೆ, ಒಂದು ಹನಿಯೂ ಟ್ಯಾಂಕಿಗೆ ಮರಳುವುದಿಲ್ಲ. ಬ್ಯಾಟರಿಯ ಬಸ್ಸುಗಳು ನಿಲ್ಲುವಾಗ ಆ ಶಕ್ತಿಯಲ್ಲಿ ಒಂದಿಷ್ಟನ್ನು ಬ್ಯಾಟರಿಗೆ ವಾಪಸು ತುಂಬಿಕೊಳ್ಳುತ್ತವೆ. ನಮ್ಮ ಡೀಸೆಲ್ ಬಸ್ಸಿಗೆ ಆ ಭಾಗ್ಯವಿಲ್ಲ.

ಇದು ಮೇಲುಲೆಕ್ಕ. ನಿಲ್ಲುವ ಜಾಗ ಮೊದಲೇ ಗೊತ್ತಿದ್ದರೆ ಒಳ್ಳೆಯ ಡ್ರೈವರ್ ದೂರದಿಂದಲೇ ಕಾಲು ಎತ್ತಿ, ಬಸ್ಸನ್ನು ಅದರ ಓಟದಲ್ಲೇ ಸ್ಟಾಪಿಗೆ ಮುಟ್ಟಿಸುತ್ತಾರೆ. ಅಲ್ಲಿ ನಷ್ಟ ಕಡಿಮೆ. ಆದರೆ ಯಾರೋ ತಟ್ಟನೆ ಸೀಟಿನಿಂದ ಎದ್ದು ಕೂಗಿದರೆ, ಅಥವಾ ತಿರುವಿನಾಚೆ ಮರದ ಮರೆಯಿಂದ ಕೈ ಮಾಡಿದರೆ ಅವರ ಯಾವ ಜಾಣ್ಮೆಯೂ ನಡೆಯುವುದಿಲ್ಲ.

ಒಂದು ಬಸ್ಸು ನಮ್ಮ ದಾರಿಯಲ್ಲಿ ದಿನಕ್ಕೆ ಹತ್ತು ಸಲ ಹೋಗಿಬಂದು ಮಾಡುತ್ತದೆ, ಪ್ರತಿ ಸಲ ಆರು ಹೆಚ್ಚಿನ ನಿಲುಗಡೆ ಎಂದು ಇಟ್ಟುಕೊಳ್ಳಿ. ಅರವತ್ತು ನಿಲುಗಡೆ, ತಲಾ 70 ಮಿಲಿಲೀಟರ್. ದಿನಕ್ಕೆ ನಾಲ್ಕು ಲೀಟರಿಗೂ ಮೇಲಾಯಿತು. ದೊಡ್ಡ ಬಸ್ಸು ಲೀಟರಿಗೆ ಐದು ಕಿಲೋಮೀಟರ್ ಆಸುಪಾಸು ಓಡುತ್ತದೆ. ಅಂದರೆ ದಣಪೆ ದಣಪೆಗೆ ನಿಲ್ಲಿಸಿ ನಾವು ದಿನಾ ಚೆಲ್ಲುವ ಡೀಸೆಲ್ಲಿನಲ್ಲಿ ಬಸ್ಸು ಇನ್ನೂ ಇಪ್ಪತ್ತು ಕಿಲೋಮೀಟರ್ ಓಡಬಹುದಿತ್ತು. ಸಂಜೆ ಕತ್ತಲಾದ ಮೇಲೆ ಒಂದು ಟ್ರಿಪ್ಪು ಹೆಚ್ಚು ಕೊಡಿ ಎಂದು ನಾವು ಅರ್ಜಿ ಬರೆಯುತ್ತೇವಲ್ಲ, ಆ ಟ್ರಿಪ್ಪಿನ ಡೀಸೆಲ್ ಇಲ್ಲೇ ನಮ್ಮ ರಸ್ತೆಯ ಮೇಲೇ ಸುಟ್ಟುಹೋಗುತ್ತಿದೆ.

ದೊಡ್ಡ ಗಾಡಿ ಇಷ್ಟೊಂದು ಡೀಸೆಲ್ ಯಾಕೆ ಕುಡಿಯುತ್ತದೆ ಎಂದು ಮಕ್ಕಳು ಕೇಳಿದರೆ ಎಂಜಿನ್ನು ದೊಡ್ಡದು ಎಂದು ಹೇಳಿ ಮುಗಿಸುತ್ತೇವೆ. ಎಂಜಿನ್ನಿನ ತಪ್ಪು ಅದರಲ್ಲಿ ಹೆಚ್ಚೇನಿಲ್ಲ. ಒಂದು ಲೀಟರ್ ಡೀಸೆಲ್ಲಿನಲ್ಲಿರುವ ಶಕ್ತಿಯಲ್ಲಿ ನೂರಕ್ಕೆ 35ರಿಂದ 40 ಪಾಲನ್ನು ಬಸ್ಸು ಲಾರಿಯ ಎಂಜಿನ್ನು ಚಕ್ರಕ್ಕೆ ಮುಟ್ಟಿಸಬಲ್ಲದು. ಸಣ್ಣ ಪೆಟ್ರೋಲ್ ಕಾರಿಗೆ ಅಷ್ಟೂ ಆಗುವುದಿಲ್ಲ. ಉಳಿದದ್ದು ರೇಡಿಯೇಟರಿನಲ್ಲಿ, ಸೈಲೆನ್ಸರಿನಲ್ಲಿ ಬಿಸಿಯಾಗಿ ಹೋಗುತ್ತದೆ. ಚಕ್ರಕ್ಕೆ ಮುಟ್ಟಿದ ಶಕ್ತಿಗೆ ಖರ್ಚಿನ ದಾರಿ ಕೆಲವೇ. ಟೈರು ರಸ್ತೆಗೆ ಒತ್ತಿ ಚಪ್ಪಟೆಯಾಗಿ ಮತ್ತೆ ಉಬ್ಬುವಾಗ ತಿನ್ನುವುದು ಒಂದು, ಇದು ತೂಕ ಹೆಚ್ಚಿದಷ್ಟೂ ಹೆಚ್ಚು. ಎದುರಿನ ಗಾಳಿಯನ್ನು ಸೀಳುವುದು ಇನ್ನೊಂದು. ಬಸ್ಸಿನ ಮೋರೆ ಎಂಟು ಚದರ ಮೀಟರ್ ವಿಸ್ತೀರ್ಣದ ಗೋಡೆಯಿದ್ದ ಹಾಗೆ, ಸಣ್ಣ ಕಾರಿನದು ಎರಡು ಚದರ ಮೀಟರಿಗೆ ಚೂರು ಹೆಚ್ಚು. ಮೂರನೆಯದು ನಿಂತು ಹೊರಡುವುದು, ಅದನ್ನು ಹೇಳಿಯಾಯಿತು. ನಾಲ್ಕನೆಯದು ನಮ್ಮ ಜಿಲ್ಲೆಯವರಿಗೆ ಯಾರೂ ವಿವರಿಸಬೇಕಿಲ್ಲ: ಘಟ್ಟ.

ಘಟ್ಟದ ಲೆಕ್ಕ ಮಾಡಿದಾಗ ನನಗೇ ಆಶ್ಚರ್ಯವಾಯಿತು. ಕುಮಟಾ ಸಮುದ್ರದ ದಂಡೆ. ದೇವಿಮನೆ ಘಟ್ಟ ಹತ್ತಿ ತಲುಪುವ ಶಿರಸಿ ಅದಕ್ಕಿಂತ ಸುಮಾರು 590 ಮೀಟರ್ ಎತ್ತರದಲ್ಲಿದೆ. ಹದಿನೈದು ಟನ್ ಬಸ್ಸನ್ನು ಬರೀ ಅಷ್ಟು ಮೇಲೆ ಎತ್ತುವುದಕ್ಕೆ, ಟೈರು ಗಾಳಿ ತಿರುವು ಯಾವುದನ್ನೂ ಸೇರಿಸದೆ, ಆರೂವರೆ ಲೀಟರಿನಷ್ಟು ಡೀಸೆಲ್ ಬೇಕು. ಇಳಿಯುವಾಗ ಅದರಲ್ಲಿ ಸ್ವಲ್ಪವಷ್ಟೇ ಪ್ರಯೋಜನಕ್ಕೆ ಬರುತ್ತದೆ, ಹೆಚ್ಚಿನದು ಬ್ರೇಕಿನಲ್ಲಿ ಹೋಗುತ್ತದೆ. ಸಂತೆಗುಳಿಯ ಮೇಲಿಂದ ಸಿದ್ದಾಪುರಕ್ಕೆ ಹೋಗುವ ದೊಡ್ಮನೆ ಘಟ್ಟದ ಕಥೆಯೂ ಬೇರೆಯಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಪಡಿತರ ಬಂದು ದೇಶದ ಎಷ್ಟೋ ಕಡೆ ಬಸ್ಸುಗಳು ಇದ್ದಿಲಿನ ಅನಿಲದಲ್ಲಿ ಓಡುತ್ತಿದ್ದವು. ಏರಿನಲ್ಲಿ ಬಸ್ಸು ಸೋತಾಗ ಜನ ಇಳಿದು ನಡೆಯುತ್ತಿದ್ದರು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಅವರಿಗೆ ಭಾರದ ಬೆಲೆ ಕಾಲಿನಿಂದಲೇ ಗೊತ್ತಿತ್ತು.

ಈಗ ಆ ಆರೂವರೆ ಲೀಟರನ್ನು ಬಸ್ಸಿನೊಳಗಿನ ಐವತ್ತು ಜನಕ್ಕೆ ಹಂಚಿ. ಒಬ್ಬರ ಪಾಲಿಗೆ 130 ಮಿಲಿಲೀಟರ್ ಬರುತ್ತದೆ. ಅದೇ ಘಟ್ಟವನ್ನು ಎರಡು ಟನ್ನಿನ ದೊಡ್ಡ ಕಾರಿನಲ್ಲಿ ಒಬ್ಬರೇ ಹತ್ತಿದರೆ ಎತ್ತರಕ್ಕಷ್ಟೇ ಸುಮಾರು ಒಂದು ಲೀಟರ್. ಸಣ್ಣ ಕಾರಾದರೂ ಮುಕ್ಕಾಲು ಲೀಟರಿನ ಹತ್ತಿರ. ಲೀಟರಿಗೆ ಐದೇ ಕಿಲೋಮೀಟರ್ ಓಡುವ ಬಸ್ಸು ಬಹಳ ಇಂಧನ ತಿನ್ನುವ ಗಾಡಿಯೂ ಹೌದು, ತುಂಬಿದ್ದರೆ ತಲೆಗೆ ಅತಿ ಕಡಿಮೆ ತಿನ್ನುವ ಗಾಡಿಯೂ ಹೌದು. ಎರಡೂ ಒಟ್ಟಿಗೇ ನಿಜ. ಖಾಲಿ ಸೀಟು ಇದ್ದಷ್ಟೂ ಮೊದಲನೆಯದು ಗೆಲ್ಲುತ್ತದೆ.

ಆದ್ದರಿಂದ ಕಾರುಳ್ಳವರಲ್ಲಿ ನನ್ನದೊಂದು ಕೋರಿಕೆ. ಇತ್ತೀಚೆಗೆ ನಮ್ಮ ಅಂಗಳಗಳಲ್ಲಿ ದೊಡ್ಡ ಕಾರುಗಳು ಹೆಚ್ಚಿವೆ. ಹದಗೆಟ್ಟ ಮಣ್ಣಿನ ರಸ್ತೆ, ಮಳೆಗಾಲ, ಮನೆತುಂಬ ಜನ. ತೆಗೆದುಕೊಂಡವರ ಅಗತ್ಯ ನನಗೆ ಅರ್ಥವಾಗುತ್ತದೆ. ಮದುವೆಗೆ ಏಳು ಜನ ಹೋಗುವಾಗ ಅದು ಒಳ್ಳೆಯ ಗಾಡಿಯೇ. ಆದರೆ ಬ್ಯಾಂಕಿನ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಲು ಕುಮಟಾಕ್ಕೆ ಒಬ್ಬರೇ ಎರಡು ಟನ್ ಕಬ್ಬಿಣ ಎಳೆದುಕೊಂಡು ಹೋಗಬೇಡಿ. ವಾರದಲ್ಲಿ ಒಂದು ದಿನವಾದರೂ ಆ ಕೆಲಸಕ್ಕೆ ಬಸ್ಸು ಹತ್ತಿ. ಕಾರೇ ಬೇಕೆಂದಾದರೆ ಹೊರಡುವ ಮೊದಲು ಆಚೀಚೆ ಮನೆಯವರಿಗೆ ಒಂದು ಫೋನು ಮಾಡಿ. ಕುಮಟಾಕ್ಕೆ ಹೋಗುವವರು ಯಾರಾದರೂ ಇದ್ದೇ ಇರುತ್ತಾರೆ. ಹೆದ್ದಾರಿ 66 ಅಗಲವಾದ ಮೇಲೆ ಹೊನ್ನಾವರ, ಭಟ್ಕಳದ ಕಡೆ ಗಂಟೆಗೆ ನೂರರ ಮೇಲೆ ಓಡಿಸುವುದು ಮಾಮೂಲಾಗಿದೆ. 80ರಿಂದ 100ಕ್ಕೆ ಏರಿದರೆ ಗಾಳಿಯ ತಡೆ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಪೆಟ್ಟಿಗೆಯಂಥ ಎತ್ತರದ ಕಾರಿಗೆ ಆ ಪೆಟ್ಟು ಇನ್ನೂ ಜೋರು. ಕುಮಟಾದಿಂದ ಭಟ್ಕಳಕ್ಕೆ ಹತ್ತು ಹದಿನೈದು ನಿಮಿಷ ತಡವಾಗಿ ಹೋದರೆ ಕಳೆದುಕೊಳ್ಳುವುದು ಬಹಳ ಕಡಿಮೆ.

ಘಟ್ಟ ಇಳಿಯುವವರಿಗೆ ಇನ್ನೊಂದು ಮಾತು ಹೇಳಲೇಬೇಕು, ಇದು ಡೀಸೆಲ್ಲಿಗಿಂತ ಜೀವದ ಮಾತು. ಉಳಿತಾಯವಾಗುತ್ತದೆ ಎಂದು ನ್ಯೂಟ್ರಲ್‌ನಲ್ಲಿ, ಕೆಲವರು ಎಂಜಿನ್ನನ್ನೇ ಬಂದ್ ಮಾಡಿ ಇಳಿಸುವ ಅಭ್ಯಾಸ ಇನ್ನೂ ಇದೆ. ಈಗಿನ ಎಂಜಿನ್ನುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಂಧನ ಸಿಂಪಡಣೆ ತಾನಾಗಿಯೇ ನಿಲ್ಲುತ್ತದೆ, ಇಳಿಜಾರಿನ ಬಲದಲ್ಲೇ ಎಂಜಿನ್ನು ತಿರುಗುತ್ತಿರುತ್ತದೆ. ನ್ಯೂಟ್ರಲ್‌ಗೆ ಹಾಕಿದರೆ ಎಂಜಿನ್ನು ಆರದಂತೆ ಉಳಿಸಲು ಇಂಧನ ಹೋಗತೊಡಗುತ್ತದೆ. ಅಂದರೆ ಉಳಿತಾಯವೂ ಇಲ್ಲ. ಗೇರಿನ ಹಿಡಿತ ತಪ್ಪಿದ ಗಾಡಿಯ ಭಾರವೆಲ್ಲ ಬ್ರೇಕಿನ ಮೇಲೆ ಬಿದ್ದು, ಅದು ಕಾದು ಹಿಡಿಯದಾಗುತ್ತದೆ. ಲಾರಿ ಬಸ್ಸುಗಳಲ್ಲಿ ಎಂಜಿನ್ನು ನಿಂತರೆ ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರೂ ನಿಲ್ಲುತ್ತದೆ. ಹತ್ತಿದ ಗೇರಿನಲ್ಲೇ ಇಳಿಯಬೇಕು ಎಂದು ಹಳೆಯ ಡ್ರೈವರುಗಳು ಹೇಳುವುದು ಸುಮ್ಮನೆ ಅಲ್ಲ. ನಿಮ್ಮ ಮನೆಯಲ್ಲಿ ಹೊಸದಾಗಿ ಗಾಡಿ ಕಲಿತ ಹುಡುಗರಿದ್ದರೆ ಇದನ್ನು ಕೂರಿಸಿಕೊಂಡು ಹೇಳಿ.

ಚಿರೇಕಲ್ಲು, ಜಲ್ಲಿ, ಮರಳು ಸಾಗಿಸುವ ಟಿಪ್ಪರ್ ಮಾಲೀಕರು ನಮ್ಮವರೇ. ಬಾಡಿಗೆಯ ಕಷ್ಟ, ಸಾಲದ ಕಂತು ನನಗೂ ಗೊತ್ತಿರುವ ವಿಷಯವೇ. ಎರಡು ಆಕ್ಸಲ್ಲಿನ ಲಾರಿಯ ಒಟ್ಟು ತೂಕದ ಮಿತಿಯನ್ನು ಕೇಂದ್ರ ಸರ್ಕಾರ 2018ರಲ್ಲೇ 16.2 ಟನ್ನಿನಿಂದ 18.5 ಟನ್ನಿಗೆ ಏರಿಸಿದೆ. ದಯವಿಟ್ಟು ಅದರ ಮೇಲೆ ಹೇರಬೇಡಿ. ಅಮೆರಿಕದಲ್ಲಿ 1950ರ ದಶಕದ ಕೊನೆಗೆ ಲಾರಿಗಳನ್ನೇ ಓಡಿಸಿ ರಸ್ತೆಯ ದೊಡ್ಡ ಪರೀಕ್ಷೆ ನಡೆಸಿದರು. ಆಕ್ಸಲ್ ಭಾರ ಹೆಚ್ಚಿದರೆ ರಸ್ತೆಗೆ ಆಗುವ ಹಾನಿ ಹೆಚ್ಚುಕಡಿಮೆ ಅದರ ನಾಲ್ಕನೇ ಘಾತದಷ್ಟು ಏರುತ್ತದೆ ಎಂದು ಅಲ್ಲಿ ಕಂಡುಬಂತು. ನೂರಕ್ಕೆ ಇಪ್ಪತ್ತು ಹೆಚ್ಚು ಹೇರಿದರೆ ಹಾನಿ ಎರಡು ಪಟ್ಟು. ಮಳೆಗಾಲ ಮುಗಿಯುವ ಹೊತ್ತಿಗೆ ಆ ರಸ್ತೆಯಲ್ಲಿ ಹೊಂಡ. ಹೊಂಡ ಬಿದ್ದಲ್ಲಿ ಪ್ರತಿ ಬಸ್ಸು, ಪ್ರತಿ ರಿಕ್ಷಾ, ಪ್ರತಿ ಬೈಕು ಬ್ರೇಕು ಒತ್ತಿ ಮತ್ತೆ ಎಬ್ಬಿಸಬೇಕು. ಒಂದು ಟಿಪ್ಪರಿನ ಹೆಚ್ಚುವರಿ ಕಲ್ಲಿನ ಬೆಲೆಯನ್ನು ಆ ರಸ್ತೆಯಲ್ಲಿ ಓಡಾಡುವವರೆಲ್ಲ ದಿನಾ ಚೂರುಚೂರಾಗಿ ತೆರುತ್ತಾರೆ. ಟೈರಿನ ಗಾಳಿಯನ್ನೂ ವಾರಕ್ಕೊಮ್ಮೆ ನೋಡಿಸಿ. ಗಾಳಿ ಕಡಿಮೆಯಾದ ಟೈರು ಹೆಚ್ಚು ಚಪ್ಪಟೆಯಾಗಿ ಡೀಸೆಲ್ ತಿನ್ನುತ್ತದೆ, ಟೈರೂ ಬೇಗ ಸವೆಯುತ್ತದೆ.

ರಬ್ಬರ್ ಟೈರಿಗೂ ಉಕ್ಕಿನ ಚಕ್ರಕ್ಕೂ ಇರುವ ಭೇದ ಕಣ್ಣಾರೆ ಕಾಣಬೇಕೆಂದರೆ ಕುಮಟಾ ಸ್ಟೇಷನ್ನಿಗೆ ಹೋಗಿ ಸ್ವಲ್ಪ ಹೊತ್ತು ನಿಂತುಕೊಳ್ಳಿ. ಸಾಲಾಗಿ ಲಾರಿಗಳನ್ನು ಹೊತ್ತ ಗೂಡ್ಸ್ ರೈಲು ಹಾದುಹೋಗುತ್ತದೆ. ಕೊಂಕಣ ರೈಲ್ವೆ 1999ರಲ್ಲಿ ಶುರು ಮಾಡಿದ ರೋ-ರೋ ಸೇವೆ ಅದು. ಮಹಾರಾಷ್ಟ್ರದ ಕೋಲಾಡದಲ್ಲಿ ಹತ್ತಿದ ಲಾರಿ ಸುರತ್ಕಲ್ಲಿನವರೆಗೂ ಎಂಜಿನ್ನು ಬಂದ್ ಮಾಡಿ ರೈಲಿನ ಮೇಲೇ ಬರಬಹುದು. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ ಉರುಳುವಾಗಿನ ತಡೆ, ಡಾಂಬರಿನ ಮೇಲಿನ ರಬ್ಬರ್ ಟೈರಿನದಕ್ಕೆ ಹೋಲಿಸಿದರೆ ನಾಲ್ಕೈದರಲ್ಲಿ ಒಂದು ಪಾಲು. 2022ರಲ್ಲಿ ಈ ಮಾರ್ಗ ಪೂರ್ತಿ ವಿದ್ಯುದೀಕರಣವಾಗಿದೆ. ಮಂಗಳೂರಿಗೋ ಮಡಗಾಂವಿಗೋ ಸಾಮಾನು ಕಳಿಸುವ ನಮ್ಮ ವ್ಯಾಪಾರಿಗಳು ರೈಲಿನ ದರವನ್ನೂ ಒಮ್ಮೆ ವಿಚಾರಿಸಲಿ ಎಂಬುದಷ್ಟೇ ನನ್ನ ಮಾತು.

ಮತ್ತೆ ಬಸ್ಸಿಗೆ ಬರುತ್ತೇನೆ, ಅದೇ ನನ್ನ ಮುಖ್ಯ ಮನವಿ.

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳು ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಹಣವಿಲ್ಲದೆ ಓಡಾಡುತ್ತಿದ್ದಾರೆ. ತವರಿಗೆ ಹೋಗಲು, ಆಸ್ಪತ್ರೆಗೆ ತೋರಿಸಿಕೊಂಡು ಬರಲು ಯಾರ ಕೈಯನ್ನೂ ಕಾಯಬೇಕಿಲ್ಲದ ಸಮಾಧಾನ ಎಷ್ಟು ದೊಡ್ಡದೆಂದು ನಮ್ಮ ಮನೆಯಲ್ಲೇ ಕಂಡಿದ್ದೇನೆ. 2025ರ ಜನವರಿ 5ರಿಂದ ಉಳಿದವರ ಟಿಕೆಟ್ ದರ ನೂರಕ್ಕೆ 15ರಷ್ಟು ಏರಿತು. ಅದೇ ವರ್ಷದ ಏಪ್ರಿಲ್ಲಿನಲ್ಲಿ ರಾಜ್ಯದ ತೆರಿಗೆ ಏರಿ ಡೀಸೆಲ್ ಲೀಟರಿಗೆ ಎರಡು ರೂಪಾಯಿ ತುಟ್ಟಿಯಾಯಿತು. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯಂಥ ಸಂಸ್ಥೆಗೆ ಸಿಬ್ಬಂದಿ ಸಂಬಳ ಬಿಟ್ಟರೆ ಡೀಸೆಲ್ಲೇ ದೊಡ್ಡ ಖರ್ಚು. ಹಳ್ಳಿಯ ಟ್ರಿಪ್ಪು ಉಳಿಸಬೇಕೋ ಬಿಡಬೇಕೋ ಎಂಬ ಮಾತು ಬಂದಾಗ ಕಿಲೋಮೀಟರಿಗೆ ಎಷ್ಟು ಹಣ ಬಂತು, ಲೀಟರಿಗೆ ಎಷ್ಟು ಕಿಲೋಮೀಟರ್ ಓಡಿತು ಎಂದು ನೋಡುತ್ತಾರೆ. ಮೊದಲನೆಯದು ಪೂರ್ತಿ ನಮ್ಮ ಕೈಯಲ್ಲಿಲ್ಲ. ಎರಡನೆಯದರಲ್ಲಿ ನಮ್ಮ ಪಾಲು ದೊಡ್ಡದಿದೆ. ಲೀಟರಿಗೆ ಎಷ್ಟು ಓಡಿಸಿದೆ ಎಂಬ ಲೆಕ್ಕ ಒಪ್ಪಿಸಬೇಕಾದವರು ನಮ್ಮ ಡ್ರೈವರು. ದಣಪೆಯ ಮುಂದೆ ನಿಲ್ಲಿಸದಿದ್ದರೆ ಅವರಿಗೆ ಬೈಗುಳ, ನಿಲ್ಲಿಸಿದರೆ ಮೈಲೇಜು ಬಿದ್ದುಹೋಗುತ್ತದೆ. ಅವರನ್ನು ಆ ಇಕ್ಕಟ್ಟಿನಲ್ಲಿ ಇಟ್ಟವರು ನಾವು.

ಬಸ್ಸಿಗೆ ಹೋಗುವವರು ಐದು ನಿಮಿಷ ಮೊದಲು ಮನೆ ಬಿಟ್ಟು ಸ್ಟಾಪಿಗೆ ನಡೆದು ಬನ್ನಿ. ಇಳಿಯುವಾಗ ನಿಮ್ಮ ದಣಪೆಗೆ ಹತ್ತಿರದ ಸ್ಟಾಪಿನಲ್ಲೇ ಇಳಿದು ಉಳಿದ ದಾರಿ ನಡೆಯಿರಿ. ನೂರು ಹೆಜ್ಜೆ, ಇನ್ನೂರು ಹೆಜ್ಜೆ. ಆಧಾರ್ ಕಾರ್ಡು, ಚಿಲ್ಲರೆ ಬಸ್ಸು ಬರುವ ಮೊದಲೇ ಕೈಯಲ್ಲಿರಲಿ. ಬಾಗಿಲಲ್ಲಿ ನಿಂತು ಚೀಲ ತಡಕಾಡುವ ಪ್ರತಿ ನಿಮಿಷವೂ ಎಂಜಿನ್ನು ಉರಿಯುತ್ತಿರುತ್ತದೆ. ನಿಂತಲ್ಲೇ ಉರಿಯುವ ದೊಡ್ಡ ಎಂಜಿನ್ನು ಗಂಟೆಗೆ ಒಂದೂವರೆ, ಎರಡು ಲೀಟರ್ ಕುಡಿಯುತ್ತದೆ. ಗೋಕರ್ಣ, ಇಡಗುಂಜಿ, ಮುರ್ಡೇಶ್ವರಕ್ಕೆ ಬರುವ ಪ್ರವಾಸಿ ಬಸ್ಸುಗಳು ಏಸಿಗಾಗಿ ದೇವಸ್ಥಾನದ ಹೊರಗೆ ಎಂಜಿನ್ನು ಬಂದ್ ಮಾಡದೆ ನಿಂತಿರುವುದನ್ನು ನೀವು ನೋಡಿರುತ್ತೀರಿ. ಅಲ್ಲಿ ಅಂಗಡಿ ಇಟ್ಟುಕೊಂಡವರು ಒಂದು ಒಳ್ಳೆಯ ಮಾತಿನಲ್ಲಿ ಹೇಳಿದರೆ ಎಷ್ಟೋ ಡ್ರೈವರುಗಳು ಕೇಳುತ್ತಾರೆ.

ವಯಸ್ಸಾದವರು, ಬಸುರಿಯರು, ಕಾಲು ನೋವಿನವರು, ಕೈಯಲ್ಲಿ ಕೂಸು ಹಿಡಿದವರು ಎಲ್ಲಿ ಕೇಳಿದರೂ ಬಸ್ಸು ನಿಲ್ಲಬೇಕು. ಅದಕ್ಕೆ ಹೋಗುವ ಡೀಸೆಲ್ಲು ಚೆಲ್ಲಿದ್ದಲ್ಲ, ಬಸ್ಸು ಇರುವುದೇ ಅದಕ್ಕೆ. ಸೊಂಯ್ಯನೆ ಸುರಿಯುವ ಆಷಾಢದ ಮಳೆಯಲ್ಲಿ ಶಾಲೆಯ ಮಗು ಒಂಟಿಯಾಗಿ ಇಳಿಯುವುದಾದರೆ ಮನೆಯ ಮುಂದೆಯೇ ಇಳಿಸಿ. ಇಂಥವರಿಗಾಗಿ ಮನಸ್ಸು ತುಂಬಿ ನಿಲ್ಲಿಸಲು ಡ್ರೈವರಿಗೆ ಆಗಬೇಕಾದರೆ ಗಟ್ಟಿ ಕಾಲಿನವರಾದ ನಾವು ಉಳಿದ ಕಡೆ ನಿಲ್ಲಿಸುವುದನ್ನು ಬಿಡಬೇಕು.

ಸ್ಟಾಪಿಗೆ ಬನ್ನಿ ಎಂದರೆ ಸ್ಟಾಪು ಇರಬೇಕಲ್ಲ ಎಂದು ನೀವು ಕೇಳುತ್ತೀರಿ. ಸರಿಯಾದ ಪ್ರಶ್ನೆ. ಎಷ್ಟೋ ಕಡೆ ನಮ್ಮ ಸ್ಟಾಪು ಎಂದರೆ ಒಂದು ಮರ, ಒಂದು ಗೂಡಂಗಡಿ. ಮಳೆಗೆ ಸೂರಿಲ್ಲ. ಕೆಲವು ಸ್ಟಾಪುಗಳು ಏರಿನ ನಟ್ಟನಡುವೆ ಇವೆ. ಅಲ್ಲಿ ನಿಂತ ಬಸ್ಸು ಭಾರವನ್ನೂ ಎಬ್ಬಿಸಬೇಕು, ಏರನ್ನೂ ಹತ್ತಬೇಕು. ಅದೇ ಸ್ಟಾಪನ್ನು ಐವತ್ತು ಮೀಟರ್ ಮೇಲೆ ಸಮತಟ್ಟಿಗೆ ಸರಿಸಿದರೆ ಖರ್ಚಿಲ್ಲದ ಉಳಿತಾಯ. ನಾವೇ ಬೇಡಿ ಹಾಕಿಸಿಕೊಂಡ ಹಂಪುಗಳನ್ನೂ ಒಮ್ಮೆ ನೋಡಬೇಕು. ಶಾಲೆಯ ಮುಂದಿನ ಹಂಪು ಇರಲೇಬೇಕು, ಅದರ ಮೇಲೆ ಮಾತಿಲ್ಲ. ಆ ಹಂಪಿನ ಪಕ್ಕದಲ್ಲೇ ಸ್ಟಾಪು ಮಾಡಿದರೆ ಬಸ್ಸು ಎರಡು ಸಲ ನಿಧಾನಿಸುವ ಬದಲು ಒಂದೇ ಸಲ ನಿಧಾನಿಸುತ್ತದೆ. ಒಳದಾರಿಗಳಿಗೆ ಜನ ಕಡಿಮೆಯಿರುವ ಹೊತ್ತಿನಲ್ಲಿ ದೊಡ್ಡ ಬಸ್ಸಿನ ಬದಲು ಸಣ್ಣ ಬಸ್ಸು ಬಿಡಿ ಎಂದು ಡಿಪೋದವರನ್ನು ಕೇಳಬಹುದು. ಎಂಟು ಜನರಿಗೆ ಹತ್ತು ಟನ್ನಿನ ಗಾಡಿ ಓಡಿಸುವುದಕ್ಕಿಂತ ಅದು ಲೇಸು.

ಇದನ್ನೆಲ್ಲ ಒಂದು ಅರ್ಜಿ ಮಾಡಿ ಬರುವ ಗ್ರಾಮಸಭೆಗೆ ತರುತ್ತೇನೆ. ಯಾವ ಯಾವ ಜಾಗದಲ್ಲಿ ಸ್ಟಾಪು ಬೇಕು, ಯಾವುದನ್ನು ಸರಿಸಬೇಕು, ಯಾರ ಮನೆಯಲ್ಲಿ ನಡೆಯಲಾಗದವರು ಇದ್ದಾರೆ ಎಂಬುದನ್ನು ನನಗಿಂತ ಚೆನ್ನಾಗಿ ಬಲ್ಲವರು ನೀವು. ಸಭೆಗೆ ಬಂದು ಹೇಳಿ. ಎರಡು ಸ್ಟಾಪಿನ ನಡುವೆ ಎಷ್ಟು ದೂರ ಇರಬೇಕೆಂದು ಜಗಳವಾದರೂ ಅಡ್ಡಿಯಿಲ್ಲ, ಅಲ್ಲೇ ಆಗಲಿ. ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ ಬರಲಾಗದವರು ಒಂದು ಚೀಟಿ ಬರೆದು ಬಸ್ಸಿಗೆ ಬರುವ ಮಕ್ಕಳ ಕೈಯಲ್ಲಿ ಕಳಿಸಿದರೂ ಸಾಕು.

ನಮ್ಮ ಮನೆಯವರು ಈ ಸೋಮವಾರದಿಂದ ಗೂಡಂಗಡಿಯ ಸ್ಟಾಪಿನಲ್ಲೇ ಹತ್ತುತ್ತಿದ್ದೇವೆ, ಅಲ್ಲೇ ಇಳಿಯುತ್ತಿದ್ದೇವೆ. ಮೊದಲನೇ ದಿನ ಡ್ರೈವರ್ ಅಭ್ಯಾಸಬಲದಿಂದ ನಮ್ಮ ದಣಪೆಯ ಮುಂದೆ ವೇಗ ತಗ್ಗಿಸಿ ನೋಡಿದರು. ಸ್ಟಾಪಿನಲ್ಲಿ ನಿಂತ ನಾನು ಮುಂದೆ ಬನ್ನಿ ಎಂದು ಕೈ ಬೀಸಿದೆ.